ಅಪೀಲು ಕೇಳಿದ ನ್ಯಾಯಮೂರ್ತಿ ಗಜೇಂದ್ರಗಡಕರ

ಮಕ್ಕಳೇ, ಜಾತ್ರೆಗೆ ಹೋಗುವುದು ಬೇಡವೆಂದು ಅಪ್ಪ ಹೇಳಿದರೆ ನೀವು ಏನು ಮಾಡುತ್ತೀರಿ? ನೇರವಾಗಿ ಅಜ್ಜನ ಬಳಿ ಓಡುತ್ತೀರಿ, ಅಲ್ಲವೇ? ಅಜ್ಜ ಇಬ್ಬರ ಮಾತನ್ನೂ ಕೇಳಿ ತೀರ್ಮಾನ ಹೇಳುತ್ತಾರೆ. ಕೋರ್ಟಿನಲ್ಲಿ ಇದಕ್ಕೆ ಮೇಲ್ಮನವಿ ಅಥವಾ ಅಪೀಲು ಎನ್ನುತ್ತಾರೆ.

ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರ ಅಪೀಲು ಹೈಕೋರ್ಟಿಗೆ ಹೋದರೆ ಅದರ ವಿಚಾರಣೆ ಧಾರವಾಡದಲ್ಲಿ ನಡೆಯುತ್ತದೆ. ಅಲ್ಲಿ ಪೀಠ ಶುರುವಾದದ್ದು 2008ರಲ್ಲಿ. ಅದಕ್ಕೂ ಮೊದಲು ಬೆಂಗಳೂರಿಗೆ ಹೋಗಬೇಕಿತ್ತು. ಇನ್ನೂ ಹಿಂದೆ, 1956ರಲ್ಲಿ ರಾಜ್ಯ ಒಂದಾಗುವ ಮುನ್ನ, ಬೆಳಗಾವಿ ಜಿಲ್ಲೆಯ ಅಪೀಲುಗಳು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು. ಅಲ್ಲಿನ ನ್ಯಾಯಮೂರ್ತಿಗಳಲ್ಲಿ ಒಬ್ಬರು ಪ್ರಲ್ಹಾದ ಬಾಲಾಚಾರ್ಯ ಗಜೇಂದ್ರಗಡಕರ.

ಹೆಸರೇ ಹೇಳುವಂತೆ, ಇವರ ಪೂರ್ವಿಕರ ಊರು ಈಗಿನ ಗದಗ ಜಿಲ್ಲೆಯ ಗಜೇಂದ್ರಗಡ. ಇವರು ಹುಟ್ಟಿದ್ದು 1901ರ ಮಾರ್ಚ್ 16ರಂದು, ಸಾತಾರೆಯಲ್ಲಿ. ತಂದೆ ಸಂಸ್ಕೃತ ಪಂಡಿತರು. 1918ರಿಂದ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಮುಂದೆ ಪುಣೆಯಲ್ಲಿ ಎಂ.ಎ. ಮತ್ತು ಕಾನೂನು ಪದವಿ ಪಡೆದರು. 1926ರಲ್ಲಿ ಮುಂಬಯಿಯಲ್ಲಿ ವಕೀಲಿ ಆರಂಭಿಸಿ, 1945ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯಾದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರು ಊಟದ ಬಿಡುವಿನಲ್ಲಿ ಇವರ ಹೆಸರು ಎತ್ತುತ್ತಿದ್ದರು. ಕಾರಣ ಹೀಗಿದೆ. 1953ರಲ್ಲಿ ಶಾಸ್ತ್ರಿ ನ್ಯಾಯಮಂಡಳಿ ಬ್ಯಾಂಕ್ ನೌಕರರ ಸಂಬಳ ಗೊತ್ತುಮಾಡಿತು. ಅದರ ಮೇಲೆ ಅಪೀಲು ಹೋಗಿ, 1954ರಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಕೇಂದ್ರ ಸರ್ಕಾರ ಆ ತೀರ್ಪನ್ನು ನೌಕರರಿಗೆ ನಷ್ಟವಾಗುವಂತೆ ಬದಲಿಸಿತು. ಇದು ಸರಿಯಲ್ಲವೆಂದು ಕಾರ್ಮಿಕ ಮಂತ್ರಿ ವಿ.ವಿ. ಗಿರಿ ರಾಜೀನಾಮೆಯನ್ನೇ ಕೊಟ್ಟರು. ಮುಂದೆ ರಾಷ್ಟ್ರಪತಿಯಾದ ಗಿರಿಯವರೇ ಇವರು! ಆಗ ಸರ್ಕಾರ ಒಂದು ಆಯೋಗ ನೇಮಿಸಿತು. ಅದರ ಹೊಣೆ ಹೊತ್ತಿದ್ದ ನ್ಯಾಯಮೂರ್ತಿ ರಾಜಾಧ್ಯಕ್ಷ ತೀರಿಕೊಂಡಾಗ ಗಜೇಂದ್ರಗಡಕರ ಆ ಜಾಗಕ್ಕೆ ಬಂದರು. ಎರಡೂ ಕಡೆಯವರ ಮಾತು ಕೇಳಿ, ಲೆಕ್ಕಪತ್ರ ನೋಡಿ, 1955ರಲ್ಲಿ ವರದಿ ಕೊಟ್ಟರು. ಕೆಲವು ಮಾರ್ಪಾಡುಗಳೊಂದಿಗೆ ಮೇಲ್ಮನವಿ ಮಂಡಳಿಯ ತೀರ್ಪೇ ಬಹುಮಟ್ಟಿಗೆ ಉಳಿಯಿತು. ಸರ್ಕಾರವೂ ಒಪ್ಪಿ, ಅದೇ ವರ್ಷ ಕಾಯ್ದೆ ಮಾಡಿತು. ಸರ್ಕಾರ ಬದಲಿಸಿದ್ದನ್ನೂ ಮತ್ತೆ ಕೇಳಿ ಸರಿಪಡಿಸಬಹುದೆಂದು ಸಾಮಾನ್ಯ ಗುಮಾಸ್ತರಿಗೆ ಆಗ ತಿಳಿಯಿತು.

1956ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಅಪೀಲು ಹೋದವರೆಲ್ಲ ಗೆಲ್ಲುವುದಿಲ್ಲ ಎಂಬುದಕ್ಕೂ ಅವರದೇ ತೀರ್ಪೊಂದಿದೆ. ಅಹಮದಾಬಾದಿನ ಒಂದು ದೇವಸ್ಥಾನಕ್ಕೆ ದಲಿತರು ಬರಬಾರದೆಂದು 1948ರಲ್ಲಿ ಹೂಡಿದ್ದ ದಾವೆ ಸುಪ್ರೀಂ ಕೋರ್ಟಿನವರೆಗೂ ಬಂದಿತ್ತು. 1966ರ ಜನವರಿಯಲ್ಲಿ ಆ ಅಪೀಲನ್ನು ವಜಾ ಮಾಡಿ ತೀರ್ಪು ಬರೆದವರು ಗಜೇಂದ್ರಗಡಕರ. ದೇವರ ಬಾಗಿಲು ಎಲ್ಲರಿಗೂ ತೆರೆಯಿತು.

ನಿವೃತ್ತಿಯ ನಂತರ ಮುಂಬಯಿ ವಿಶ್ವವಿದ್ಯಾಲಯದ ಕುಲಪತಿಯಾಗಿ, ಕಾನೂನು ಆಯೋಗದ ಅಧ್ಯಕ್ಷರಾಗಿ ದುಡಿದು, 1981ರಲ್ಲಿ ತೀರಿಕೊಂಡರು.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಹೊಲಮನೆಯ ಖಟ್ಲೆಯ ಕಾಗದಗಳಿದ್ದರೆ ಮೊಮ್ಮಕ್ಕಳಿಗೆ ತೋರಿಸಿರಿ. ಅವುಗಳಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ಸಿಕ್ಕರೆ ನ್ಯಾಯಮೂರ್ತಿಗಳ ಹೆಸರನ್ನೂ ಓದಿರಿ. ಗಜೇಂದ್ರಗಡಕರ ಎಂಬ ಹೆಸರು ಕಂಡರೂ ಕಾಣಬಹುದು.