ಫಾಸ್ಟ್ ಲೋಕಲ್ ನಿಲ್ಲದ ಮಾಟುಂಗಾ

ಮುಂಬೈಯ ಸಿಎಸ್‌ಎಂಟಿಯಿಂದ ಕಲ್ಯಾಣದ ಕಡೆ ಹೊರಟ ಫಾಸ್ಟ್ ಲೋಕಲ್‌ಗೆ ಮಾಟುಂಗಾ ಲೆಕ್ಕಕ್ಕೇ ಇಲ್ಲ. ದಾದರ್ ಬಿಟ್ಟದ್ದೇ ತಡ, ಪಕ್ಕದ ಈ ಸ್ಟೇಷನ್ನನ್ನು ಹಾಯ್ದು ಓಡಿಬಿಡುತ್ತದೆ. ಇಲ್ಲಿ ಇಳಿಯುವವರು ಸ್ಲೋ ಲೋಕಲ್ಲನ್ನೇ ಹಿಡಿಯಬೇಕು.

ಇಂಥ ಸ್ಟೇಷನ್ 2017ರ ಜುಲೈನಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಸ್ಟೇಷನ್ ಮ್ಯಾನೇಜರ್, ಟಿಕೆಟ್ ಕೌಂಟರ್, ಟಿಸಿ, ಅನೌನ್ಸ್‌ಮೆಂಟ್, ಆರ್‌ಪಿಎಫ್ – ಎಲ್ಲ ಹೊಣೆಯನ್ನೂ ಮಧ್ಯ ರೈಲ್ವೆ ಮಹಿಳೆಯರಿಗೇ ಒಪ್ಪಿಸಿತು. ಮರುವರ್ಷ ಲಿಮ್ಕಾ ದಾಖಲೆ ಪುಸ್ತಕದಲ್ಲೂ ಹೆಸರು ಬಂತು. ದಾಖಲೆಗಿಂತ ನನಗೆ ದೊಡ್ಡದೆನಿಸುವುದು ರಾತ್ರಿ ಪಾಳಿ. ಮಧ್ಯರಾತ್ರಿ ಕಳೆದರೂ ಲೋಕಲ್‌ಗಳು ಬರುತ್ತಲೇ ಇರುತ್ತವೆ. ಕುಡಿದವನು, ಟಿಕೆಟ್ ಇಲ್ಲದವನು, ಬ್ಯಾಗ್ ಕಳಕೊಂಡವನು, ಎಲ್ಲರನ್ನೂ ಸಂಭಾಳಿಸಬೇಕು.

ಪಶ್ಚಿಮಕ್ಕೆ ಲೋಕಲ್ ಬೋಗಿಗಳ ರಿಪೇರಿ ಮಾಡುವ 1915ರ ವರ್ಕ್‌ಶಾಪ್. ಪೂರ್ವಕ್ಕೆ ಇಳಿದರೆ ಬೇರೆಯೇ ಊರು. 1896ರ ಪ್ಲೇಗಿನ ನಂತರ ನಗರದ ಒತ್ತಡ ತಗ್ಗಿಸಲು ದಾದರ್–ಮಾಟುಂಗಾ ಬಡಾವಣೆ ರೂಪುಗೊಂಡಾಗ ದಕ್ಷಿಣದವರು ಇಲ್ಲಿ ನೆಲೆಯೂರಿದರು. ಇಂದಿಗೂ ಮಾರ್ಕೆಟ್‌ನಲ್ಲಿ ಬಾಳೆ ಎಲೆಯ ಕಟ್ಟು, ಮಲ್ಲಿಗೆ ದಂಡೆ, ಎಲ್ಲೋ ಕಾಫಿ ಬೀಜ ಹುರಿಯುವ ವಾಸನೆ. ಸ್ಟೇಷನ್ ಎದುರಿಗೇ, 1942ರಿಂದ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಎಲೆ ಊಟಕ್ಕೆ ಕೂತವರು ಅನ್ನ ಸಾರಿಗೆ ಕೈ ಅಡ್ಡ ಹಿಡಿದರಷ್ಟೇ ಬಡಿಸುವವರು ಮುಂದೆ ಹೋಗುವುದು.

ಕನ್ನಡದ ಕಾರ್ಯಕ್ರಮಕ್ಕೆ ಬರುವವರು ಮಾತ್ರ ಸ್ಟೇಷನ್ ಸರಿಯಾಗಿ ನೋಡಿ ಇಳಿಯಬೇಕು. 1926ರ ಮೈಸೂರು ಅಸೋಸಿಯೇಷನ್‌ಗೆ ಈ ಸ್ಟೇಷನ್. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರಕ್ಕಾದರೆ ಪಶ್ಚಿಮ ರೈಲ್ವೆಯ ಮಾಟುಂಗಾ ರೋಡ್. ಅದಲು ಬದಲಾದರೂ ಗಾಬರಿ ಬೇಡ, ಎರಡನ್ನೂ ಜೋಡಿಸುವ ‘ಝಡ್ ಬ್ರಿಡ್ಜ್’ ಇದೆ. ಮೊಣಕಾಲು ಗಟ್ಟಿಯಿದ್ದರೆ ಸಾಕು. ಹಾರ್ಬರ್ ಲೈನಿನವರಿಗೆ ಕಿಂಗ್ಸ್ ಸರ್ಕಲ್ ಹತ್ತಿರ.

ಭಾನುವಾರ ಹೊರಡುವವರು ಮೆಗಾಬ್ಲಾಕ್ ಸುದ್ದಿ ನೋಡಿಕೊಳ್ಳಬೇಕು. ಹಳಿ ದುರಸ್ತಿಗೆ ಎಷ್ಟೋ ವಾರ ಮಾಟುಂಗಾ–ಮುಲುಂಡ್ ನಡುವೆ ಸ್ಲೋ ಲೈನ್ ಬಂದ್. ಸ್ಲೋ ಲೋಕಲ್‌ಗಳು ಇಲ್ಲಿಂದಲೇ ಫಾಸ್ಟ್ ಹಳಿಗೆ ಹೊರಳುತ್ತವೆ. ಫಾಸ್ಟ್ ಹಳಿ ಎಂದಮಾತ್ರಕ್ಕೆ ಬೇಗ ತಲುಪುವ ಆಸೆ ಬೇಡ, ಕಾಲು ಗಂಟೆ ತಡವಾಗಬಹುದೆಂದು ರೈಲ್ವೆಯವರೇ ಮೊದಲೇ ಹೇಳಿಬಿಡುತ್ತಾರೆ.