ನಾಯಿಯ ಹಗ್ಗವನ್ನು ವೀಲ್‌ಚೇರಿಗೆ ಎಲ್ಲಿ ಕಟ್ಟಬೇಕು?

ಕೈಯಿಂದ ತಳ್ಳುವ ವೀಲ್‌ಚೇರಿಗೆ ಎರಡೂ ಕೈ ಬೇಕು. ಒಂದೇ ಗಾಲಿ ತಳ್ಳಿದರೆ ಕುರ್ಚಿ ಸುತ್ತು ಹೊಡೆಯುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ. ಹೀಗಿರುವಾಗ ನಾಯಿಯ ಹಗ್ಗ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ನಮ್ಮ ಕೋಲಾರ ಜಿಲ್ಲೆಯಲ್ಲಿ ಶ್ರೀನಿವಾಸಪುರದ ಮಾವಿನ ತೋಪಿರಲಿ, ಮುಳಬಾಗಿಲು ಕಡೆಯ ತೋಟದ ಮನೆಯಿರಲಿ, ಕಾವಲಿಗೆ ನಾಯಿ ಬೇಕೇ ಬೇಕು. ಮನೆಯಲ್ಲಿ ವೀಲ್‌ಚೇರ್ ಬಳಸುವವರಿದ್ದರೆ ನಾಯಿಯನ್ನು ಹೊರಗೆ ಸುತ್ತಾಡಿಸುವ ಕೆಲಸ ಬೇರೆಯವರ ಪಾಲಾಗುತ್ತದೆ. ಇಲ್ಲವೇ ಹಗ್ಗವನ್ನು ಕುರ್ಚಿಯ ಕೈಯೊರಗಿಗೆ ಸುತ್ತಿ ಹೊರಡುವುದೊಂದೇ ದಾರಿ. ಕೈಗೆ ಎಟುಕುವ ಜಾಗವಾದ್ದರಿಂದ ಯಾರಿಗೂ ಮೊದಲು ಹೊಳೆಯುವುದು ಅದೇ. ಆದರೆ ಕಟ್ಟಲೇಬಾರದ ಜಾಗವೂ ಅದೇ. ಲೆಕ್ಕ ಹಾಕಿ ನೋಡಿ. ಕುರ್ಚಿ ಮತ್ತು ಕೂತವರ ಒಟ್ಟು ತೂಕ 80 ಕಿಲೊ, ಎರಡು ಗಾಲಿಗಳ ನಡುವಿನ ಅಗಲ 60 ಸೆಂ.ಮೀ. ಎಂದುಕೊಳ್ಳೋಣ. ನೆಲದಿಂದ 70 ಸೆಂ.ಮೀ. ಎತ್ತರದ ಕೈಯೊರಗಿಗೆ ಕಟ್ಟಿದ ಹಗ್ಗವನ್ನು ಪಕ್ಕಕ್ಕೆ ಎಳೆದರೆ, ಸುಮಾರು 34 ಕಿಲೊ ತೂಕದಷ್ಟು ಜಗ್ಗಿಗೆ ಕುರ್ಚಿ ಮಗುಚಬಹುದು. ಅದೇ ಹಗ್ಗವನ್ನು 25 ಸೆಂ.ಮೀ. ಎತ್ತರದಲ್ಲಿ ಕಟ್ಟಿದರೆ ಮಗುಚಲು 96 ಕಿಲೊದಷ್ಟು ಜಗ್ಗು ಬೇಕು. ಬೆಕ್ಕನ್ನು ಕಂಡು ಹಾರಿದ ದೊಡ್ಡ ನಾಯಿಗೆ ಮೊದಲನೆಯದು ಕಷ್ಟವೇನಲ್ಲ, ಎರಡನೆಯದು ಆಗದ ಮಾತು. ಇಳಿಜಾರಿನಲ್ಲಿ ಈ ಎರಡೂ ಅಂಕಿಗಳು ಇನ್ನಷ್ಟು ಇಳಿಯುತ್ತವೆ.

ಈ ತೊಡಕಿನ ಬೇರು ಕುರ್ಚಿಯ ಹುಟ್ಟಿನಲ್ಲೇ ಇದೆ. ನಾವು ಇಂದು ಆಸ್ಪತ್ರೆಗಳಲ್ಲಿ ಕಾಣುವ ಮಡಚುವ ವೀಲ್‌ಚೇರಿನ ಹಿಂದೆ ಇರುವವರು ಅಮೆರಿಕದ ಹರ್ಬರ್ಟ್ ಎವರೆಸ್ಟ್. ಅವರು ಗಣಿ ಎಂಜಿನಿಯರ್. ಗಣಿ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟು ಬಿದ್ದು ನಡೆಯಲಾರದಾದರು. (ಚಿನ್ನದ ಗಣಿಯ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಕಾರಿನಲ್ಲಿ ಇಡಲು ಬರುವಂಥ ಕುರ್ಚಿ ಬೇಕೆಂದು ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಜೊತೆ ಸೇರಿ ಉಕ್ಕಿನ ಕೊಳವೆಯ ಕುರ್ಚಿ ಮಾಡಿದರು. ಸೀಟಿನ ಕೆಳಗೆ ಕತ್ತರಿಯಂತೆ ಅಡ್ಡಹಾಯುವ ಎರಡು ಕಂಬಿಗಳೇ ಅದರ ಜಾಣ್ಮೆ. 1933ರಲ್ಲಿ ಅವರ ಕಂಪನಿ ಶುರುವಾಯಿತು, ಆ ವಿನ್ಯಾಸ ಜಗತ್ತನ್ನೆಲ್ಲ ಹಬ್ಬಿತು. ನಾಯಿ ಈ ಕಥೆಗೆ ಬಂದದ್ದು ಬಹಳ ತಡವಾಗಿ. ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳ ತರಬೇತಿ ಶಾಲೆ ಅಮೆರಿಕದಲ್ಲಿ 1929ರಲ್ಲೇ ಆರಂಭವಾಗಿತ್ತು. ಚಲನೆಯ ತೊಂದರೆ ಇರುವವರಿಗೆಂದು ನಾಯಿಗಳನ್ನು ಪಳಗಿಸುವ ಸಂಸ್ಥೆಯನ್ನು ಬಾನಿ ಬರ್ಗಿನ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ್ದು 1975ರಲ್ಲಿ. ಅಂದರೆ, ಕುರ್ಚಿಯ ಪಕ್ಕದಲ್ಲಿ ನಾಯಿ ನಡೆಯುತ್ತದೆ ಎಂಬ ಎಣಿಕೆ ಮೂಲ ವಿನ್ಯಾಸದಲ್ಲಿ ಇರಲೇ ಇಲ್ಲ. ಹಗ್ಗದ ಕೊಕ್ಕೆಯನ್ನು ನಾಯಿಯ ಸಾಮಾನು ಮಾರುವ ಅಂಗಡಿಯಲ್ಲಿ ಹುಡುಕಿದರೆ ಸಾಲದು, ಅದನ್ನು ಕುರ್ಚಿಯದೇ ಒಂದು ಭಾಗವೆಂದು ಯೋಚಿಸಬೇಕು ಎಂದು ನಾನು ವಾದಿಸುವುದು ಇದಕ್ಕಾಗಿಯೇ.

ಹಾಗೆ ಯೋಚಿಸಲು ಕೂತರೆ ಮೊದಲ ಅಡ್ಡಿ ಆ ಕತ್ತರಿ ಕಂಬಿಯದೇ. ಹಗ್ಗ ಕಟ್ಟಲು ಅತ್ಯುತ್ತಮ ಜಾಗ ಸೀಟಿನ ಕೆಳಗೆ, ಕುರ್ಚಿಯ ನಡುಮಧ್ಯ. ಅಲ್ಲಿಂದ ಎಳೆದರೆ ಕುರ್ಚಿ ಒಂದು ಕಡೆಗೆ ತಿರುಗುವುದಿಲ್ಲ. ಆದರೆ ಅಲ್ಲಿ ಏನನ್ನು ಬಿಗಿದರೂ ಕುರ್ಚಿ ಮಡಚಲು ಬಾರದು. ಮೇಲಾಗಿ ಸಡಿಲಾದ ಹಗ್ಗ ಮುಂದಿನ ಪುಟ್ಟ ಗಾಲಿಗೆ ಸಿಕ್ಕಿಕೊಂಡರೆ ಕೂತವರು ಮುಗ್ಗರಿಸುತ್ತಾರೆ. ಆದ್ದರಿಂದ ಪಕ್ಕದ ಚೌಕಟ್ಟಿನ ಕೆಳಗಿನ ಕೊಳವೆಗೆ, ಹಿಂಗಾಲಿಯ ಅಚ್ಚಿನ ಹತ್ತಿರ ಕ್ಲ್ಯಾಂಪ್ ಹಾಕಿ, ಗಾಲಿಯಿಂದಾಚೆಗೆ ಚಾಚುವ ಒಂದು ಗಿಡ್ಡ ತೋಳು ಕೊಡಬೇಕಾಗುತ್ತದೆ. ಈ ತೋಳಿಗೂ ಅದರದೇ ತಂಟೆ ಇದೆ. ಬಲಗಡೆಯ ತೋಳನ್ನು ನಾಯಿ ಮುಂದಕ್ಕೆ ಎಳೆದರೆ ಕುರ್ಚಿ ಎಡಕ್ಕೆ ತಿರುಗುತ್ತದೆ. ತೋಳು ಉದ್ದವಾದಷ್ಟೂ ತಿರುವು ಜೋರು. ಗಿಡ್ಡವಾದರೆ ಹಗ್ಗ ಗಾಲಿಗೆ ತಾಗುತ್ತದೆ. ಪೂರ್ತಿ ಪರಿಹಾರ ಇದಕ್ಕಿಲ್ಲ, ಹೊಂದಾಣಿಕೆ ಮಾತ್ರ. ಸೈಕಲ್ಲಿಗೆ ನಾಯಿ ಕಟ್ಟಲು ನಾರ್ವೆಯಲ್ಲಿ ಹುಟ್ಟಿದ ‘ಸ್ಪ್ರಿಂಗರ್’ ಎಂಬ ಸಲಕರಣೆ ಇಂಥದೇ ಹೊಂದಾಣಿಕೆ ಮಾಡಿಕೊಂಡಿದೆ: ತೋಳು ತಗ್ಗಿನಲ್ಲಿರುತ್ತದೆ, ಜಗ್ಗನ್ನು ದಪ್ಪ ಸುರುಳಿ ಸ್ಪ್ರಿಂಗ್ ನುಂಗಿಕೊಳ್ಳುತ್ತದೆ. ವೀಲ್‌ಚೇರಿಗೂ ಇದು ಒಗ್ಗುತ್ತದೆ. ಜೊತೆಗೆ ಹಗ್ಗ ಹುರಿಗೊಳ್ಳದಂತೆ ತಿರುಗುವ ಕೊಕ್ಕೆ ಇರಬೇಕು, ಅದನ್ನು ಕೊರಳಪಟ್ಟಿಗೆ ಸಿಕ್ಕಿಸದೆ ಎದೆಪಟ್ಟಿಗೆ ಸಿಕ್ಕಿಸಬೇಕು.

ಇಷ್ಟೆಲ್ಲ ಕಟ್ಟುವ ಮಾತಾಯಿತು. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ ಬಿಚ್ಚುವುದು. ಕೋಲಾರದ ಬೀದಿ ವಿದೇಶಿ ಉದ್ಯಾನದ ನುಣುಪು ದಾರಿಯಲ್ಲ. ಮಾಲೂರಿನ ಯಾವ ಓಣಿಗೆ ಹೋದರೂ ಆ ಓಣಿಯದೇ ನಾಯಿಗಳಿರುತ್ತವೆ, ಕಟ್ಟಿದ ನಾಯಿ ಕಂಡರೆ ಅವು ಸುತ್ತುವರಿಯುತ್ತವೆ. ಆ ಗಲಾಟೆಯ ನಡುವೆ ಓಡಲಾರದ ಮನುಷ್ಯ ಕೂತಿರುತ್ತಾನೆ. ಆ ಗಳಿಗೆಯಲ್ಲಿ ಹಗ್ಗ ಒಂದೇ ಎಳೆತಕ್ಕೆ ಬಿಟ್ಟುಕೊಳ್ಳಬೇಕು. ಬೆನ್ನುಹುರಿಗೆ ಕುತ್ತಿಗೆಯ ಮಟ್ಟದಲ್ಲಿ ಪೆಟ್ಟು ಬಿದ್ದ ಹಲವರ ಬೆರಳಲ್ಲಿ ಹಿಡಿತವಿರುವುದಿಲ್ಲ. ಅವರಿಗೆ ಸಣ್ಣ ಗುಂಡಿ ಒತ್ತುವ ಕೊಕ್ಕೆ ನಿರುಪಯೋಗಿ. ಮುಂಗೈ ತೂರಿಸಿ ಹಿಂದಕ್ಕೆ ಎಳೆಯುವಷ್ಟು ದೊಡ್ಡ ಬಳೆ ಬೇಕು. ಹಸು ಕಟ್ಟುವವರಿಗೆ ಈ ತತ್ವ ಹೊಸದಲ್ಲ: ಜೀರುಕುಣಿಕೆ ಹಾಕಿದ ಹಗ್ಗವನ್ನು ಹಸು ಎಷ್ಟು ಜಗ್ಗಿದರೂ ಬಿಡದು, ಯಜಮಾನ ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ.

ನಾಯಿಯನ್ನು ಸರಿಯಾಗಿ ಪಳಗಿಸಿದರೆ ಇದ್ಯಾವುದೂ ಬೇಡ ಎನ್ನುವವರಿದ್ದಾರೆ. ಪಳಗಿಸುವುದು ಬೇಕು, ನಿಜ. ಹಿಂಗಾಲಿಯ ಪಕ್ಕಕ್ಕೆ ನಡೆಯಲು ಕಲಿತ ನಾಯಿಯಿಂದ ತಿರುವಿನ ಕಾಟ ಬಹುಪಾಲು ತಪ್ಪುತ್ತದೆ. ಆದರೆ ಪಳಗಿದ ನಾಯಿಯೂ ಪಟಾಕಿಗೆ ಬೆದರುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಒಳ್ಳೆಯ ವೀಲ್‌ಚೇರಿಗೇ ಪರದಾಡುವ ಊರಿನಲ್ಲಿ ನಾಯಿಯ ಕೊಕ್ಕೆ ಶೋಕಿಯಲ್ಲವೇ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ವೀಲ್‌ಚೇರ್ ಮಾರ್ಗಸೂಚಿ, ಬಳಸುವವರ ಅಗತ್ಯಕ್ಕೂ ಅವರ ಪರಿಸರಕ್ಕೂ ಹೊಂದುವ ಕುರ್ಚಿಯನ್ನೇ ಸೂಕ್ತ ಕುರ್ಚಿ ಎನ್ನುತ್ತದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ ಮನರಂಜನೆಯ ಬದುಕನ್ನೂ ಹಕ್ಕಿನ ಲೆಕ್ಕದಲ್ಲಿ ಸೇರಿಸಿದೆ. ನಾಯಿಯೊಂದಿಗೆ ಸಂಜೆ ಹೊರಗೆ ಹೋಗುವುದು ಈ ಎರಡಕ್ಕೂ ಹೊರತಲ್ಲ. ಅದು ಶೋಕಿಯಾದರೆ ನಡೆಯಬಲ್ಲವರಿಗೂ ಶೋಕಿಯೇ ಆಗಬೇಕಲ್ಲ!

ಮಾಡುವವರು ಯಾರು ಎಂಬ ಚಿಂತೆಯೂ ಬೇಡ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಇದೆ, ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶ ಇದೆ. ಸ್ಕೂಟರಿಗೆ ಪಕ್ಕದ ಗಾಲಿ ಜೋಡಿಸಬಲ್ಲ ವೆಲ್ಡಿಂಗ್ ಅಂಗಡಿಗೆ ಒಂದು ಕ್ಲ್ಯಾಂಪು, ಒಂದು ಸ್ಪ್ರಿಂಗು, ಒಂದು ಬಿಡುಬಳೆ ದೊಡ್ಡ ಕೆಲಸವಲ್ಲ. ಬೆಂಗಳೂರಿನಲ್ಲಿ 1994ರಿಂದ ಈ ಕ್ಷೇತ್ರದಲ್ಲಿರುವ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳ ಪರಿಣತಿ ಪಕ್ಕದಲ್ಲೇ ಇದೆ. ಕುರ್ಚಿ ಎಷ್ಟು ಓರೆಯಾದರೆ ಮಗುಚುತ್ತದೆ ಎಂದು ಅಳೆಯುವ ಕ್ರಮ ಐಎಸ್‌ಒ 7176 ಮಾನದಂಡದಲ್ಲಿ ಸಿದ್ಧವಿದೆ. ತೋಳು ಜೋಡಿಸಿದ ಮೇಲೆ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು, ಇದರಲ್ಲಿ ರಿಯಾಯಿತಿ ಕೂಡದು. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ 5ರಷ್ಟು ಹಣದಲ್ಲಿ ಇಂಥ ಸಣ್ಣ ಸಲಕರಣೆಗೂ ಜಾಗ ಸಿಗಬೇಕು. ತಾಲ್ಲೂಕು ಮಟ್ಟದಲ್ಲಿ ವೀಲ್‌ಚೇರಿಗೆ ಅಳತೆ ತೆಗೆಯುವವರು ಮನೆಯಲ್ಲಿ ನಾಯಿ ಇದೆಯೇ ಎಂದು ಒಂದು ಮಾತು ಕೇಳಲಿ. ಅಲ್ಲಿಯವರೆಗೆ ವೀಲ್‌ಚೇರ್ ಬಳಸುವವರಲ್ಲಿ ಒಂದು ಕೋರಿಕೆ: ಹಗ್ಗವನ್ನು ಕೈಯೊರಗಿಗಾಗಲಿ ಮಣಿಕಟ್ಟಿಗಾಗಲಿ ಕಟ್ಟಬೇಡಿ.