ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೈಕ್ರೋಆರ್‌ಎನ್‌ಎ

ಜೀನ್‌ನಲ್ಲಿರುವ ಮಾಹಿತಿಯನ್ನು ಪ್ರೋಟೀನ್ ತಯಾರಾಗುವ ಸ್ಥಳಕ್ಕೆ ಒಯ್ಯುವ ಅಣುವನ್ನು ಸಂದೇಶವಾಹಕ ಆರ್‌ಎನ್‌ಎ ಎನ್ನುತ್ತಾರೆ. ಅದಕ್ಕೆ ಅಂಟಿಕೊಂಡು, ಅದನ್ನು ತಡೆದು ಅಥವಾ ನಾಶಪಡಿಸಿ, ಪ್ರೋಟೀನಿನ ಪ್ರಮಾಣವನ್ನು ಹತೋಟಿಯಲ್ಲಿಡುವ, ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ ಉದ್ದದ ಕಿರು ಅಣುವೇ ಮೈಕ್ರೋಆರ್‌ಎನ್‌ಎ. ಇಂತಹ ಮೊದಲ ಅಣುವನ್ನೂ ಅದು ಕೆಲಸ ಮಾಡುವ ಬಗೆಯನ್ನೂ 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಅದೇ ಹುಳುವಿನಲ್ಲಿ ಬಳಿಕ ಪತ್ತೆಯಾದ ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಮಾನವನ ಶ್ವಾಸಕೋಶದಲ್ಲಿಯೂ ಇದ್ದು, ಕೋಶವಿಭಜನೆಯನ್ನು ಪ್ರಚೋದಿಸುವ ರಾಸ್ ಪ್ರೋಟೀನಿಗೆ ಕಡಿವಾಣ ಹಾಕುತ್ತದೆ. ಅನೇಕ ಶ್ವಾಸಕೋಶದ ಗೆಡ್ಡೆಗಳಲ್ಲಿ ಲೆಟ್-7 ಕುಸಿದು, ರಾಸ್ ಹೆಚ್ಚಿ, ಕೋಶಗಳು ಅಂಕೆಮೀರಿ ವಿಭಜನೆಗೊಳ್ಳುತ್ತವೆ. ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳ ಪೈಕಿ ಲೆಟ್-7 ಕಡಿಮೆಯಿದ್ದವರು ಬದುಕುಳಿದ ಅವಧಿಯೂ ಮೊಟಕಾಗಿತ್ತೆಂದು ಜಪಾನಿನ ಸಂಶೋಧಕರು 2004ರಲ್ಲಿ ತೋರಿಸಿದರು.

ಇದಕ್ಕೆ ವ್ಯತಿರಿಕ್ತವಾಗಿ ಮಿಆರ್-21 ಎಂಬ ಅಣು ಗೆಡ್ಡೆಗಳಲ್ಲಿ ಮಿತಿಮೀರಿ ಹೆಚ್ಚಿ, ಕೋಶದ ಬೆಳವಣಿಗೆಯನ್ನು ತಡೆಯುವ ಪಿಟೆನ್ ಪ್ರೋಟೀನನ್ನು ಅಡಗಿಸುತ್ತದೆ. ಹೀಗಾಗಿ ಮೈಕ್ರೋಆರ್‌ಎನ್‌ಎ ರೋಗವನ್ನು ತಡೆಯುತ್ತದೆಯೋ ಬೆಳೆಸುತ್ತದೆಯೋ ಎಂಬುದು ಅದು ಯಾವ ಸಂದೇಶವನ್ನು ಅದುಮುತ್ತದೆ ಎಂಬುದರ ಮೇಲೆ ನಿಂತಿದೆ.

ಈ ಅಣುಗಳು ರಕ್ತದಲ್ಲಿ ಸುಲಭವಾಗಿ ನಶಿಸದ ಕಾರಣ, ರೋಗವನ್ನು ಬೇಗನೆ ಗುರುತಿಸುವ ಸೂಚಕಗಳಾಗಿ ಅವುಗಳ ಅಧ್ಯಯನ ನಡೆದಿದೆ. ಚಿಕಿತ್ಸೆಯ ಹಾದಿ ಇನ್ನೂ ಕಠಿಣವಾಗಿದೆ: ಗೆಡ್ಡೆಯನ್ನು ತಡೆಯುವ ಮಿಆರ್-34ರ ಕೃತಕ ಪ್ರತಿರೂಪವನ್ನು ಕ್ಯಾನ್ಸರ್ ರೋಗಿಗಳಿಗೆ ನೀಡಿದ ಮೊದಲ ಪ್ರಯೋಗವನ್ನು, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಗಂಭೀರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು.